ಕಿಣ್ವವನ್ನು ಎಲ್ಲಿ ತಡೆಯಬೇಕು

ಬಾಳೆದಿಂಡು ಹೆಚ್ಚಲು ಕೂತವರ ಪಕ್ಕದಲ್ಲಿ ಮಜ್ಜಿಗೆ ನೀರಿನ ಪಾತ್ರೆ ಇದ್ದೇ ಇರುತ್ತದೆ. ಹೋಳುಗಳನ್ನು ಗಾಳಿಗೆ ಬಿಟ್ಟರೆ ಕಪ್ಪಾಗುತ್ತವೆ, ಹುಳಿ ನೀರಿಗೆ ಹಾಕಿದರೆ ಬಿಳುಪು ಉಳಿಯುತ್ತದೆ. ಆ ಕಪ್ಪಿಗೆ ಕಾರಣ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಮಜ್ಜಿಗೆಯ ಆಮ್ಲ ಅದರ ಕೈಕಟ್ಟುತ್ತದೆ. ಅಡುಗೆಯವರು ಹೀಗೆ ದೂರವಿಡುವ ಕಿಣ್ವವನ್ನೇ ಚಹಾ ಮಾಡುವವರು ಬೇಕೆಂದೇ ಎಬ್ಬಿಸುತ್ತಾರೆ. ಅಸ್ಸಾಮಿನ ಕಡಕ್ ಸಿಟಿಸಿ, ಡಾರ್ಜಿಲಿಂಗಿನ ತಿಳಿ ಹೊನ್ನಿನ ಚಹಾ, ಜಪಾನಿನ ಉಜಿಯ ಹಸಿರು ಚಹಾ ಎಲ್ಲವೂ ಕಮೇಲಿಯಾ ಸಿನೆನ್ಸಿಸ್ ಎಂಬ ಒಂದೇ ಜಾತಿಯ ಗಿಡದ ಚಿಗುರು. ತಳಿ, ಮಣ್ಣು, ಹವೆಗಳ ಪಾತ್ರವೂ ಇದೆ, ನಿಜ. ಆದರೆ ಕಪ್ಪು ಚಹಾ ಕಪ್ಪಾಗುವುದೂ ಹಸಿರು ಚಹಾ ಹಸಿರಾಗಿ ಉಳಿಯುವುದೂ ಈ ಕಿಣ್ವಕ್ಕೆ ಎಷ್ಟು ಹೊತ್ತು ಕೆಲಸ ಕೊಟ್ಟರು ಎಂಬುದರ ಮೇಲೆಯೇ. ಇದು ಗೊತ್ತಿಲ್ಲದ ಕಾಲದಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಎರಡನ್ನೂ ಬೇರೆ ಬೇರೆ ಜಾತಿಯ ಗಿಡಗಳೆಂದು ಹೆಸರಿಸಿದ್ದ. 1840ರ ದಶಕದಲ್ಲಿ ಚೀನಾ ಸುತ್ತಿದ ರಾಬರ್ಟ್ ಫಾರ್ಚೂನ್ ಒಂದೇ ಗಿಡದಿಂದ ಎರಡೂ ಬಗೆ ಆಗುವುದನ್ನು ಕಂಡು ಬರೆದ ಮೇಲೆ ಯುರೋಪ್ ಅದನ್ನು ಒಪ್ಪಿತು.

ಗಿಡದ ಮೇಲಿರುವ ಚಿಗುರಿನಲ್ಲೂ ಈ ಕಿಣ್ವ ಇದೆ, ಅದು ಬಯಸುವ ಕ್ಯಾಟೆಚಿನ್‌ಗಳೂ ಇವೆ. ನಾಲಿಗೆಗೆ ಒಗರಾಗುವುದು ಇದೇ ಕ್ಯಾಟೆಚಿನ್. ಆದರೂ ಎಲೆ ಹಸಿರಾಗಿಯೇ ಇರುತ್ತದೆ. ಏಕೆಂದರೆ ಕ್ಯಾಟೆಚಿನ್ ಇರುವುದು ಜೀವಕೋಶದ ರಸದಾನಿಯಲ್ಲಿ, ಕಿಣ್ವ ಇರುವುದು ಕ್ಲೋರೋಪ್ಲಾಸ್ಟಿನಲ್ಲಿ. ನಡುವೆ ತೆಳುಪೊರೆಗಳಿವೆ. ಕಿಣ್ವಗಳ ನಿಯಂತ್ರಣ ಎಂದರೆ ಏನೋ ಗಹನವಾದ ರಾಸಾಯನಿಕ ಏರ್ಪಾಡು ಎಂದುಕೊಳ್ಳುತ್ತೇವೆ. ಅಂಥವೂ ಇವೆ, ಆದರೆ ಇಬ್ಬರನ್ನೂ ಬೇರೆ ಬೇರೆ ಕಡೆ ಇಡುವುದು ಜೀವಲೋಕದ ಬಹು ಸರಳವಾದ, ಬಹು ಗಟ್ಟಿಯಾದ ಉಪಾಯ. ಹುಳು ಎಲೆ ಕಡಿದಾಗ ಪೊರೆ ಹರಿಯುತ್ತದೆ, ಎರಡೂ ಕೂಡುತ್ತವೆ. ಆಗ ಹುಟ್ಟುವ ಕ್ವಿನೋನ್‌ಗಳು ಎಲೆಯ ಪ್ರೋಟೀನಿಗೆ ಅಂಟಿಕೊಂಡು ಹುಳುವಿಗೆ ಅದು ಜೀರ್ಣವಾಗದ ಹಾಗೆ ಮಾಡುತ್ತವೆ. ಕಾರ್ಖಾನೆಯ ರೋಲರಿಗೆ ಸಿಕ್ಕಿದ ಚಿಗುರಿನಲ್ಲಿ ನಡೆಯುವುದೂ ಇದೇ. ಗಿಡದ ಆತ್ಮರಕ್ಷಣೆಯ ರಸಾಯನವೇ ನಮ್ಮ ಚಹಾಕ್ಕೆ ಬಣ್ಣ ಕೊಡುತ್ತಿದೆ.

ಈ ಕಿಣ್ವದ ಹೃದಯಭಾಗದಲ್ಲಿ ಎರಡು ತಾಮ್ರದ ಪರಮಾಣುಗಳಿವೆ. ಅವು ಗಾಳಿಯ ಆಮ್ಲಜನಕವನ್ನು ತಮ್ಮ ನಡುವೆ ಹಿಡಿದುಕೊಳ್ಳುತ್ತವೆ. ಕ್ಯಾಟೆಚಿನ್ ಅಲ್ಲಿಗೆ ಬಂದು ಸರಿಯಾಗಿ ಕೂತರೆ ಎರಡು ಹೈಡ್ರೋಜನ್ ಕಳೆದುಕೊಂಡು ಕ್ವಿನೋನ್ ಆಗಿ ಹೊರಬೀಳುತ್ತದೆ, ಆಮ್ಲಜನಕ ನೀರಾಗುತ್ತದೆ. ಕಿಣ್ವ ಮೊದಲಿದ್ದಂತೆಯೇ ಉಳಿದು ಮುಂದಿನದಕ್ಕೆ ಸಿದ್ಧವಾಗುತ್ತದೆ. ಇಷ್ಟು ಸಣ್ಣ ಪ್ರಮಾಣದ ವಸ್ತುವಿನಿಂದ ಅಷ್ಟು ದೊಡ್ಡ ಬದಲಾವಣೆ ಆಗುವುದು ಹೀಗೆ. ಕಿಣ್ವದ ಕೆಲಸ ಇಲ್ಲಿಗೆ ಮುಗಿಯಿತು. ಮುಂದೆ ಕ್ವಿನೋನ್‌ಗಳು ತಾವಾಗಿಯೇ ಜೋಡಿಯಾಗಿ ಥಿಯಾಫ್ಲೇವಿನ್ ಆಗುತ್ತವೆ. ಇನ್ನೂ ಹೊತ್ತು ಬಿಟ್ಟರೆ ಆ ಥಿಯಾಫ್ಲೇವಿನ್ ಕೂಡ ಒಡೆದು, ಬೆಸೆದು, ಥಿಯಾರುಬಿಜಿನ್ ಎಂಬ ಕೆಂಗಂದು ಮಿಶ್ರಣಕ್ಕೆ ಸೇರುತ್ತದೆ. ಭಾರತೀಯ ಚಹಾ ಉದ್ಯಮಕ್ಕಾಗಿ ದುಡಿದ ಇ.ಎ.ಎಚ್. ರಾಬರ್ಟ್ಸ್ 1950ರ ದಶಕದಲ್ಲಿ ಈ ಎರಡು ಗುಂಪುಗಳನ್ನು ಬೇರ್ಪಡಿಸಿ ತೋರಿಸಿದರು. ಚಹಾ ರುಚಿ ನೋಡುವವರು ಬಹಳ ಹಿಂದಿನಿಂದ ಹೇಳುತ್ತಿದ್ದ ಮಾತಿಗೆ ಆಗ ಆಧಾರ ಸಿಕ್ಕಿತು. ಚಹಾದ ಹೊಳಪು, ನಾಲಿಗೆಯನ್ನು ಚುರುಕಾಗಿಸುವ ಗುಣ ಥಿಯಾಫ್ಲೇವಿನ್ನದು. ಗಾಢ ಬಣ್ಣ, ಬಾಯಿ ತುಂಬುವ ದಪ್ಪ ಥಿಯಾರುಬಿಜಿನ್ನದು. ಮೊದಲನೆಯದು ಒಳ್ಳೆಯ ಚಹಾದಲ್ಲೂ ಒಣತೂಕದ ಶೇ 2ರ ಆಸುಪಾಸು ಮಾತ್ರ, ಮತ್ತು ಅದು ಹೆಚ್ಚಿ ಹೆಚ್ಚಿ ಒಂದು ಹಂತ ಮುಟ್ಟಿದ ಮೇಲೆ ಇಳಿಯತೊಡಗುತ್ತದೆ. ಆ ತುದಿಯನ್ನು ಹಿಡಿಯುವವನೇ ಒಳ್ಳೆಯ ಟೀ ಮೇಕರ್.

ಹೋಟೆಲಿನಲ್ಲಿ ನಾವು ‘ಸ್ಟ್ರಾಂಗ್’ ಎಂದು ಕೇಳುವಾಗ ಸಾಮಾನ್ಯವಾಗಿ ಬಣ್ಣವನ್ನೇ ಕೇಳುತ್ತಿರುತ್ತೇವೆ. ಗಾಢ ಬಣ್ಣ ಇದ್ದರೆ ಒಳ್ಳೆಯ ಚಹಾ ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ. ತುದಿ ದಾಟಿದ ಎಲೆಯಲ್ಲಿ ಬಣ್ಣ ಬೇಕಾದಷ್ಟು ಇರುತ್ತದೆ, ಆದರೆ ಚಹಾ ಮಂಕು, ರುಚಿ ಸಪ್ಪೆ. ಬಟ್ಟಲಿನ ಅಂಚಿನಲ್ಲಿ ಹೊಂಬಣ್ಣದ ಬಳೆಯೊಂದು ಮಿನುಗಿದರೆ ಸರಿಯಾದ ಹೊತ್ತಿಗೆ ತಡೆದಿದ್ದಾರೆ ಎಂದು ತಿಳಿಯಿರಿ.

ತಡೆಯುವ ದಾರಿಗಳಲ್ಲಿ ಮೊದಲನೆಯದು ನೀರು. ಕೊಯ್ದ ಎಲೆಯನ್ನು ತೊಟ್ಟಿಗಳಲ್ಲಿ ಹರಡಿ ಗಾಳಿ ಹಾಯಿಸಿ ಬಾಡಿಸುತ್ತಾರೆ. ನೀರು ಕಡಿಮೆಯಾದಷ್ಟೂ ಕಿಣ್ವಕ್ಕೂ ಕ್ಯಾಟೆಚಿನ್‌ಗೂ ಓಡಾಡಲು ಜಾಗವಿಲ್ಲ. ಡಾರ್ಜಿಲಿಂಗಿನ ಮಾರ್ಚ್-ಏಪ್ರಿಲ್ ಕೊಯ್ಲನ್ನು ಈಗ ಬಹಳ ಕಠಿಣವಾಗಿ ಬಾಡಿಸುತ್ತಾರೆ. ಹಾಗಾಗಿ ಹೊಸಕಿದ ಮೇಲೂ ಎಲೆ ಪೂರ್ತಿ ಕೆಂಪಾಗುವುದಿಲ್ಲ. ಕಪ್ಪು ಚಹಾ ಎಂದು ಮಾರುವ ಪೊಟ್ಟಣದಲ್ಲಿ ಹಸಿರು ಚೂರುಗಳು ಕಂಡರೆ ಮೋಸ ಎಂದುಕೊಳ್ಳಬೇಡಿ. ಅದು ಮಾಡಿದವರ ಆಯ್ಕೆ. ನನಗೆ ಆ ಹಸಿ ಹೂವಿನ ಪರಿಮಳ ತುಂಬ ಇಷ್ಟ.

ಸಿಟಿಸಿ ಇದಕ್ಕೆ ತದ್ವಿರುದ್ಧ. 1930ರ ಸುಮಾರಿಗೆ ಅಸ್ಸಾಮಿನ ಅಮಗುರಿಯಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ಈ ಯಂತ್ರದ ಹಲ್ಲಿನ ರೋಲರುಗಳು ಎಲೆಯನ್ನು ಸೀಳಿ ಹರಿದು ನುರಿಯುತ್ತವೆ. ಪೊರೆ ಉಳಿದ ಕೋಶವೇ ವಿರಳ. ಕಿಣ್ವಕ್ಕೆ ಒಮ್ಮೆಗೇ ಎಲ್ಲವೂ ಸಿಗುವುದರಿಂದ ಕೆಲಸ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಎಲೆಯನ್ನು ಹೊಸಕಿ ಸುರುಳಿ ಮಾಡುವ ಆರ್ಥೊಡಾಕ್ಸ್ ಪದ್ಧತಿಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಪರಿಮಳದಲ್ಲಿ ಸಿಟಿಸಿ ಹಿಂದೆ, ಆದರೆ ಹಾಲು ಸೇರಿದ ಮೇಲೂ ಎದ್ದು ನಿಲ್ಲುವ ಶಕ್ತಿ ಅದಕ್ಕೇ ಇದೆ. ಹಾಲಿನ ಚಹಾಕ್ಕೆ ದುಬಾರಿ ಡಾರ್ಜಿಲಿಂಗ್ ಬಳಸುವುದು ಎರಡಕ್ಕೂ ಅನ್ಯಾಯ.

ಎಲೆ ಹರಿದ ಮೇಲೆ ಕಿಣ್ವ ಕೆಲಸ ಮಾಡುವ ಈ ಹಂತವನ್ನು ತೋಟದವರು ಫರ್ಮೆಂಟೇಶನ್ ಎನ್ನುತ್ತಾರೆ. ಇಡ್ಲಿ ಹಿಟ್ಟು ಹುದುಗುವಂತೆ ಇಲ್ಲಿ ಸೂಕ್ಷ್ಮಜೀವಿಗಳ ಕೆಲಸವಿಲ್ಲ, ಎಲ್ಲವೂ ಎಲೆಯದೇ ಕಿಣ್ವಗಳದ್ದು. ಕೋಣೆಯನ್ನು ತಂಪಾಗಿ, ತೇವವಾಗಿ, 25 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಬಿಸಿ ಏರಿದರೆ ಥಿಯಾಫ್ಲೇವಿನ್ ಬೇಗ ಹಾಳಾಗುತ್ತದೆ. ಗಾಳಿ ಸಾಲದಿದ್ದರೆ ಕಿಣ್ವಕ್ಕೆ ಆಮ್ಲಜನಕವೇ ಇಲ್ಲ. ಇನ್ನೊಂದು ತಡೆ ಹೊರಗಿನಿಂದ ಬರುವುದಲ್ಲ. ತಾನೇ ಹುಟ್ಟಿಸಿದ ಕ್ವಿನೋನ್‌ಗಳು ಕಿಣ್ವಕ್ಕೇ ಅಂಟಿಕೊಂಡು ಅದನ್ನು ಕೆಡಿಸುತ್ತವೆ. ಕೆಲಸ ಮಾಡಿದಷ್ಟೂ ಅದು ಕುಗ್ಗುತ್ತ ಹೋಗುತ್ತದೆ. ಕೊನೆಗೆ ಬಿಸಿಗಾಳಿಯ ಡ್ರೈಯರ್. ಕಿಣ್ವ ಎಂದರೆ ನಿರ್ದಿಷ್ಟವಾಗಿ ಮಡಿಚಿಕೊಂಡ ಪ್ರೋಟೀನ್. ಬಿಸಿಗೆ ಆ ಮಡಿಕೆ ಬಿಚ್ಚಿದರೆ ತಾಮ್ರದ ಸುತ್ತಲಿನ ಜಾಗವೇ ಇಲ್ಲವಾಗುತ್ತದೆ, ಮತ್ತೆ ತಣ್ಣಗಾದರೂ ಅದು ಕೂಡಿಕೊಳ್ಳುವುದಿಲ್ಲ.

ಹಸಿರು ಚಹಾ ಮಾಡುವವರು ಈ ಕೊನೆಯ ಹೆಜ್ಜೆಯನ್ನೇ ಮೊದಲಿಗೆ ತರುತ್ತಾರೆ. ಚೀನಾದಲ್ಲಿ ಹೆಚ್ಚಾಗಿ ಕಾದ ಬಾಣಲೆಯಲ್ಲಿ ಹುರಿಯುತ್ತಾರೆ. ಜಪಾನಿನಲ್ಲಿ ಒಂದು ನಿಮಿಷಕ್ಕೂ ಕಡಿಮೆ ಹೊತ್ತಿನ ಹಬೆ ಸಾಕು. 1738ರಲ್ಲಿ ಉಜಿ ಪ್ರಾಂತದ ನಗತಾನಿ ಸೋಯೆನ್ ರೂಢಿಗೆ ತಂದ ಸೆಂಚಾ ಎಂಬ ಹಸಿರು ಚಹಾದ ತಿಳಿಹಸಿರಿನ ಹಿಂದಿರುವುದು ಈ ಹಬೆ.

ಪರಿಮಳದ ಕಿಣ್ವಗಳ ಕತೆ ನನಗೆ ಇದಕ್ಕಿಂತಲೂ ಪ್ರಿಯ. ಗುಲಾಬಿಯ ವಾಸನೆಯ ಜೆರಾನಿಯಾಲ್, ಲಿನಲೂಲ್ ಮುಂತಾದವು ಎಲೆಯಲ್ಲಿ ಸಕ್ಕರೆಗೆ ಕಟ್ಟಿಕೊಂಡು ವಾಸನೆಯಿಲ್ಲದೆ ಇರುತ್ತವೆ. ಬೀಟಾ ಪ್ರಿಮೆವೆರೋಸಿಡೇಸ್ ಎಂಬ ಕಿಣ್ವ ಆ ಸಕ್ಕರೆಯನ್ನು ಕತ್ತರಿಸಿದಾಗ ಪರಿಮಳ ಬಿಡುಗಡೆಯಾಗುತ್ತದೆ. ಇನ್ನು ಸಣ್ಣ ಹಸಿರು ಜಿಗಿಹುಳು ಚಿಗುರಿನ ರಸ ಹೀರಿದರೆ ಗಿಡ ಹೊಸದಾಗಿ ಕಿಣ್ವಗಳನ್ನು ಕಟ್ಟಿ ಬೇರೆಯೇ ಪರಿಮಳದ್ರವ್ಯಗಳನ್ನು ಮಾಡತೊಡಗುತ್ತದೆ. ಡಾರ್ಜಿಲಿಂಗಿನ ಮೇ-ಜೂನ್ ಕೊಯ್ಲಿನಲ್ಲಿ ಸಿಗುವ ಮಸ್ಕಟೆಲ್ ಎಂಬ ದ್ರಾಕ್ಷಿಯಂಥ ಘಮಕ್ಕೆ ಈ ಹುಳುವಿನ ಪಾಲೂ ಇದೆ. ತೈವಾನಿನ ಓರಿಯಂಟಲ್ ಬ್ಯೂಟಿ ಚಹಾ ಮಾಡುವವರು ಹುಳು ಬರಲಿ ಎಂದೇ ಕೀಟನಾಶಕ ಹೊಡೆಯುವುದಿಲ್ಲ.

ಚಹಾ ಸೋಸಿದ ಮೇಲೆ ಗಸಿಯನ್ನು ಎಸೆಯುವ ಮುನ್ನ ಬಿಳಿ ತಟ್ಟೆಯ ಮೇಲೆ ಹರಡಿ ನೋಡಿ. ಹೊಸ ತಾಮ್ರದ ಬಣ್ಣ ಇದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮಂಕು ಕಂದಾಗಿದ್ದರೆ ಆ ಅಂಗಡಿಯಲ್ಲಿ ಬೇರೆ ಪೊಟ್ಟಣ ಕೇಳಿ. ಇಡೀ ಎಲೆಯ ಹಸಿರು ಚಹಾ ಆದರೆ ತೊಟ್ಟು ಮತ್ತು ಅಂಚುಗಳನ್ನು ಗಮನಿಸಿ. ಅಲ್ಲಿ ಕೆಂಪು ಇದ್ದರೆ ಎಲೆ ಜಜ್ಜಿಹೋಗಿತ್ತು, ಅಥವಾ ಬಾಣಲೆ ತಲುಪುವುದು ತಡವಾಗಿತ್ತು.