ಅಹಮದ್ ಬ್ಯಾರಿಯನ್ನು ನಾವು ಓದಿದ್ದೇವೆಯೇ?

ಪಿಡುಗಿನ ಕಾಲದ ಬೀದಿಯನ್ನು ಚಿತ್ರಿಸಿದ ಕನ್ನಡ ಕೃತಿ ಯಾವುದೆಂದರೆ ಥಟ್ಟನೆ ನೆನಪಾಗುವುದು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965). ದೂರ್ವಾಸಪುರದ ಅಗ್ರಹಾರಕ್ಕೆ ಪ್ಲೇಗ್ ಬಂದಿದೆ. ಇಲಿಗಳು ಸಾಯುತ್ತಿವೆ, ಹದ್ದುಗಳು ಮನೆಗಳ ಮೇಲೆ ಬಂದು ಕೂತಿವೆ. ನಾರಣಪ್ಪನ ಹೆಣ ಕೊಳೆಯುತ್ತಿದೆ. ಅದಕ್ಕೆ ಸಂಸ್ಕಾರ ಮಾಡಬೇಕಾದವರು ಯಾರೆಂಬ ಚರ್ಚೆ ಮಾತ್ರ ಮುಗಿಯುವುದಿಲ್ಲ.

ಈ ಕಾದಂಬರಿಯ ಮಾತು ಬಂದಾಗಲೆಲ್ಲ ನಮಗೆ ಪ್ರಾಣೇಶಾಚಾರ್ಯರ ಸಂದಿಗ್ಧವೇ ಮುಖ್ಯವಾಗುತ್ತದೆ. ಆದರೆ ಹೆಣ ಸುಟ್ಟವನು ಮೀನು ವ್ಯಾಪಾರಿ ಅಹಮದ್ ಬ್ಯಾರಿ. ಹಿಂದೆ ಎತ್ತು ಕೊಳ್ಳಲು ನಾರಣಪ್ಪ ಸಾಲ ಕೊಟ್ಟಿದ್ದ ಋಣ ಅವನಿಗಿತ್ತು. ಚಂದ್ರಿ ಬಂದು ಕೇಳಿದಾಗ, ಅಗ್ರಹಾರದವರ ಅರಿವಿಗೆ ಬಾರದಂತೆ, ರಾತ್ರಿಯೇ ಗಾಡಿ ತಂದು ಕೆಲಸ ಮುಗಿಸಿದ. ಅಲ್ಲಿಗೆ ಅವನ ಪಾತ್ರವೂ ಮುಗಿಯಿತು. ಅವನ ಬಾಯಿಂದ ಸೌಹಾರ್ದದ ಭಾಷಣ ಮಾಡಿಸದಿರುವುದು ಲೇಖಕರ ಹೆಚ್ಚುಗಾರಿಕೆ. ಅವನ ಮನಸ್ಸಿನೊಳಗೆ ಇಣುಕದಿರುವುದು ಕೃತಿಯ ಮಿತಿ.

2020ರಲ್ಲಿ ಈ ಪುಟಗಳು ನಮಗೆ ಬೇರೆಯಾಗಿಯೇ ಕಂಡವು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಭತ್ತದ ವಹಿವಾಟಿನ ಗಂಗಾವತಿಯ ಬೀದಿಗಳೂ ಬಿಕೋ ಎಂದವು. ಮೇ ಮೊದಲ ವಾರದವರೆಗೂ ಕೊಪ್ಪಳ ಜಿಲ್ಲೆ ಹಸಿರು ವಲಯದಲ್ಲಿತ್ತು. ಆದರೆ ರೋಗಕ್ಕಿಂತ ಮೊದಲೇ ಸಂಶಯ ಮೊಬೈಲಿನಲ್ಲಿ ಬಂದು ತಲುಪಿತ್ತು. ಮುಸ್ಲಿಮರ ತಳ್ಳುಗಾಡಿಯಿಂದ ಹಣ್ಣು, ತರಕಾರಿ ಕೊಳ್ಳಬೇಡಿ ಎಂಬ ಸಂದೇಶಗಳು ರಾಜ್ಯದೆಲ್ಲೆಡೆ ಹರಿದಾಡಿದವು. ಇಡೀ ಸಮುದಾಯವನ್ನು ದೂರಬೇಡಿ ಎಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಏಪ್ರಿಲ್‌ನಲ್ಲಿ ಎಚ್ಚರಿಸಬೇಕಾಯಿತು. ಗುಳೆ ಹೋಗಿ ಮರಳಿದ ಕುಷ್ಟಗಿ, ಯಲಬುರ್ಗಾದ ಕೂಲಿಗಳನ್ನೂ ಜನ ದೂರ ನಿಂತೇ ನೋಡಿದರು.

ಅದೇ ಜೂನ್ ಕೊನೆಯಲ್ಲಿ, ಪಕ್ಕದ ಬಳ್ಳಾರಿಯಲ್ಲಿ ಕೊರೊನಾದಿಂದ ಸತ್ತವರನ್ನು ಗುಂಡಿಗೆ ಎಸೆದ ದೃಶ್ಯ ಹೊರಬಿತ್ತು; ಜಿಲ್ಲಾಡಳಿತ ಕ್ಷಮೆ ಕೇಳಿತು. ಮನೆಯವರೂ ಮುಟ್ಟಲಂಜಿದ ಹೆಣಗಳಿಗೆ ಬೆಂಗಳೂರು ಮುಂತಾದೆಡೆ ಹೆಗಲು ಕೊಟ್ಟವರಲ್ಲಿ ಮುಸ್ಲಿಂ ಯುವಕರೂ ಇದ್ದರು. ಸತ್ತವರ ಧರ್ಮಕ್ಕನುಸಾರ ಚಿತೆಗೋ ಮಣ್ಣಿಗೋ ಒಪ್ಪಿಸಿದರು. 2021ರ ಎರಡನೆಯ ಅಲೆಯಲ್ಲಿ ಕೊಪ್ಪಳದ ಗವಿಮಠ ರೋಗಿಗಳಿಗೆ ತನ್ನ ಬಾಗಿಲು ತೆರೆಯಿತು.

ಆ ದಿನಗಳ ಬಗ್ಗೆ ಕನ್ನಡದಲ್ಲಿ ಕತೆ, ಕವಿತೆಗಳು ಬಂದಿವೆ, ಇನ್ನೂ ಬರಲಿವೆ. ಖಾಲಿ ಬೀದಿಯ ವರ್ಣನೆಯಷ್ಟೇ ಅವುಗಳಿಗೆ ಸಾಲದು. ಎಲ್ಲರೂ ಮನೆಯೊಳಗಿದ್ದಾಗ ಬೀದಿಯಲ್ಲಿ ಯಾರಿದ್ದರು? ಪೌರಕಾರ್ಮಿಕರು, ಆಶಾ ಕಾರ್ಯಕರ್ತೆಯರು, ತಳ್ಳುಗಾಡಿಯವರು, ಹೆಣ ಹೊತ್ತವರು. ಅವರು ಬಂದು ಹೋಗುವ ಪಾತ್ರಗಳಾಗದೆ, ಅವರ ಭಯ, ಬೇಸರ, ಸಿಟ್ಟುಗಳೂ ಬರಹಕ್ಕೆ ಬರಬೇಕು. ಅಹಮದ್ ಬ್ಯಾರಿ ಕತ್ತಲಲ್ಲೇ ಬಂದು ಕತ್ತಲಲ್ಲೇ ಹೋದ. ಅವನ ನಂತರದವರನ್ನಾದರೂ ನಮ್ಮ ಲೇಖಕರು ಹಗಲು ಬೆಳಕಿನಲ್ಲಿ ಕಾಣಲಿ.