ತಿರುವಿನಲ್ಲಿ ನಿಂತು ನೋಡಿ

ಎಂಜಿನಿಯರಿಂಗ್ ಕಾಲೇಜುಗಳ ಟೆಕ್ ಫೆಸ್ಟ್‌ಗಳಲ್ಲಿ ರೇಡಿಯೊ ನಿಯಂತ್ರಿತ (ಆರ್‌ಸಿ) ಕಾರ್ ರೇಸ್ ನೋಡಲು ಬರುವವರೆಲ್ಲ ನೇರದಾರಿಯ ಪಕ್ಕದಲ್ಲೇ ಯಾಕೆ ಗುಂಪುಗಟ್ಟುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಕಾರು ಕಿರ್ರೆಂದು ಹಾದುಹೋಗುತ್ತದೆ, ಹೋ ಎಂದು ಕೂಗೇಳುತ್ತದೆ. ದಿಬ್ಬದಿಂದ ಹಾರಿದರಂತೂ ಮೊಬೈಲುಗಳೆಲ್ಲ ಮೇಲೇಳುತ್ತವೆ. ಸ್ಪೀಕರ್‌ನಲ್ಲಿ ಸಿನಿಮಾ ಹಾಡು, ನಿರೂಪಕನ ಬಾಯಲ್ಲಿ ಬರೀ ಕಿಲೋಮೀಟರ್ ಲೆಕ್ಕ. ನೇರದಾರಿಯಲ್ಲಿ ಓಡುವುದಕ್ಕೆ ಬುದ್ಧಿ ಬೇಕಿಲ್ಲ, ದುಡ್ಡು ಸಾಕು. ದೊಡ್ಡ ಮೋಟರು ಕೊಂಡು ಕೂರಿಸಿದರೆ ಯಾವ ಕಾರೂ ಓಡುತ್ತದೆ. ತಿಂಗಳುಗಟ್ಟಲೆ ವರ್ಕ್‌ಶಾಪ್‌ನಲ್ಲಿ ಕೂತು ಒಂದು ತಂಡ ಏನು ಯೋಚಿಸಿತು ಎಂಬುದು ಬಯಲಾಗುವುದು ತಿರುವಿನಲ್ಲಿ. ಆದ್ದರಿಂದ ಟ್ರ್ಯಾಕಿನ ಅತ್ಯಂತ ಇಕ್ಕಟ್ಟಾದ ಹೇರ್‌ಪಿನ್ ಎಲ್ಲಿದೆ ಹುಡುಕಿ, ಬೇಲಿಯಾಚೆ ಅಲ್ಲಿ ಹೋಗಿ ನಿಲ್ಲಿ. ಜಾಗ ಯಾವಾಗಲೂ ಖಾಲಿ ಇರುತ್ತದೆ.

ನನಗೆ ಈ ಹುಚ್ಚು ಹಿಡಿದದ್ದು ಕರಾವಳಿಯ ಒಂದು ಕಾಲೇಜು ಮೈದಾನದಲ್ಲಿ. ಮುರಕಲ್ಲಿನ ಕೆಂಪು ನೆಲ, ಅದರ ಮೇಲೆ ಸಡಿಲ ಹರಳು. ಹೆಸರು ಮಾಡಿದ ತಂಡಗಳ ಕಾರುಗಳೆಲ್ಲ ಹೇರ್‌ಪಿನ್‌ಗೆ ಬರುತ್ತಲೇ ಬಾಲ ಬೀಸಿ ಗಿರ್ರನೆ ತಿರುಗಿ ನಿಲ್ಲುತ್ತಿದ್ದವು. ಜನಕ್ಕೆ ಅದೂ ಖುಷಿಯೇ, ಧೂಳೆದ್ದರೆ ಸಾಕು. ಅಷ್ಟರಲ್ಲಿ ಅಲ್ಯೂಮಿನಿಯಂ ತಗಡು ಕತ್ತರಿಸಿ ತಾವೇ ಚಾಸಿ ಮಾಡಿಕೊಂಡಿದ್ದ ಹುಡುಗರದೊಂದು ಕಾರು ಬಂತು. ನೇರದಾರಿಯಲ್ಲಿ ಎಲ್ಲಕ್ಕಿಂತ ಹಿಂದೆ. ತಿರುವಿಗೆ ಬಂದದ್ದೇ ಮೂತಿ ಒಳಗೆಳೆದುಕೊಂಡು, ಹರಳು ಹಾರಿಸದೆ, ಗೆರೆ ಎಳೆದಂತೆ ತಿರುಗಿ ಹೊರಟುಹೋಯಿತು. ಮುಂದಿನ ಸುತ್ತಿನಲ್ಲೂ ಅದೇ ಗೆರೆ. ರೇಸ್ ಮುಗಿದ ಮೇಲೆ ಪಿಟ್‌ಗೆ ಹೋಗಿ ಕೇಳಿದೆ. ಅವರಲ್ಲೊಬ್ಬ ಹಿಂದಿನ ಗೇರ್ ಡಬ್ಬಿ ಬಿಚ್ಚಿ ಓರೆ ಮಾಡಿ ತೋರಿಸಿದ. ಒಳಗಿಂದ ಸಿಲಿಕೋನ್ ಎಣ್ಣೆ ಎಳೆಯಾಗಿ ಇಳಿಯಿತು. ‘ಇಷ್ಟೇ ಸಾರ್, ಇದಕ್ಕೇ ಒಂದು ಸೆಮಿಸ್ಟರ್ ಹೋಯ್ತು’ ಅಂದ.

ಆ ಡಬ್ಬಿಯೇ ಡಿಫರೆನ್ಶಿಯಲ್, ಹುಡುಗರ ಬಾಯಲ್ಲಿ ಡಿಫ್. ಇದೊಂದನ್ನು ಅರಿತವರಿಗೆ ಮಿಕ್ಕದ್ದೆಲ್ಲ ತಾನಾಗಿ ಕಾಣಿಸತೊಡಗುತ್ತದೆ.

1/8 ಅಳತೆಯ ಬಗ್ಗಿ ಕಾರನ್ನೇ ತೆಗೆದುಕೊಳ್ಳಿ. ಎಡಬಲ ಚಕ್ರಗಳ ನಡುವೆ 25 ಸೆಂಟಿಮೀಟರ್ ಅಂತರವಿದ್ದರೆ, ಕಾರು ಬಂದ ದಿಕ್ಕಿಗೇ ಹಿಂದಿರುಗುವ ಹೊತ್ತಿಗೆ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 78 ಸೆಂಟಿಮೀಟರ್ ಹೆಚ್ಚು ಉರುಳಿರಬೇಕು. ತಿರುವು ಅಗಲವಿರಲಿ, ಇಕ್ಕಟ್ಟಿರಲಿ, ಈ ಲೆಕ್ಕ ಬದಲಾಗದು. 11 ಸೆಂಟಿಮೀಟರ್ ವ್ಯಾಸದ ಚಕ್ರಕ್ಕೆ ಅದು ಎರಡು ಸುತ್ತಿಗಿಂತಲೂ ಹೆಚ್ಚು. ಎರಡು ಚಕ್ರಗಳನ್ನೂ ಒಂದೇ ಸರಳಿಗೆ ಬಿಗಿದರೆ ಈ ಹೆಚ್ಚುವರಿ ಸುತ್ತು ಎಲ್ಲಿಂದ ಬರಬೇಕು? ಟೈರು ನೆಲಕ್ಕೆ ಉಜ್ಜುತ್ತದೆ, ಕಾರು ತಿರುಗಲೊಲ್ಲದೆ ನೇರ ನುಗ್ಗುತ್ತದೆ. ಗಡಿಯಾರದ ಕಸುಬಿನಿಂದ ಬಂದ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲಿ ಹಬೆಗಾಡಿಗೆಂದು, ಎರಡು ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್‌ನ ಪೇಟೆಂಟ್ ಪಡೆದದ್ದು ಇದೇ ತೊಂದರೆಗೆ ಪರಿಹಾರವಾಗಿ.

ಆದರೆ ಬರೀ ಗೇರುಗಳ ಡಿಫ್‌ಗೂ ಒಂದು ಕೆಟ್ಟ ಗುಣವಿದೆ. ಹಿಡಿತ ಕಡಿಮೆ ಇರುವ ಚಕ್ರಕ್ಕೆ ಸೋಲುವುದು ಅದರ ಸ್ವಭಾವ. ತಿರುವಿನಲ್ಲಿ ಭಾರವೆಲ್ಲ ಹೊರಮಗ್ಗುಲಿಗೆ ವಾಲಿದಾಗ ಒಳಚಕ್ರ ಹಗುರಾಗಿ ಸುಮ್ಮನೆ ಗಿರಗಿರ ಸುತ್ತುತ್ತದೆ, ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. ಇದಕ್ಕೆ ಮದ್ದು ಆ ಎಣ್ಣೆ. ಅದರ ಮಂದತನವನ್ನು ಸೆಂಟಿಸ್ಟೋಕ್‌ನಲ್ಲಿ ಅಳೆಯುತ್ತಾರೆ. ನೀರು ಸುಮಾರು 1 ಆದರೆ, 5,000 ಎಂದರೆ ಜೋನಿಬೆಲ್ಲದ ಹಾಗೆ. ಮಂದ ಎಣ್ಣೆ ಎರಡು ಚಕ್ರಗಳ ವೇಗ ತೀರಾ ಬೇರೆಯಾಗಲು ಬಿಡುವುದಿಲ್ಲ, ತೆಳು ಎಣ್ಣೆ ಬಿಡುತ್ತದೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಬಗ್ಗಿಯಲ್ಲಿ ಇಂಥ ಡಿಫ್ ಮೂರು: ಮುಂದೆ, ನಡುವೆ, ಹಿಂದೆ. ನಡುವಿನದು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುತ್ತದೆ. ಮುಂದೆ 7,000, ನಡುವೆ 7,000, ಹಿಂದೆ 3,000 ಎಂಬುದು ಮಣ್ಣಿನ ಟ್ರ್ಯಾಕಿಗೆ ಅನೇಕರು ಶುರುಮಾಡುವ ಜೋಡಣೆ. ಕಾರಿನ ಬುದ್ಧಿವಂತಿಕೆ ಇರುವುದು ಅಲ್ಲಿಂದ ಮುಂದೆ, ಆ ದಿನದ ನೆಲ ನೋಡಿ ಯಾವುದನ್ನು ಎಷ್ಟು ಬದಲಿಸಿದರು ಎಂಬುದರಲ್ಲಿ.

ಇದನ್ನೆಲ್ಲ ಬೇಲಿಯಾಚೆಯಿಂದ ಕಾಣುವುದು ಹೇಗೆಂದು ಕೇಳಬೇಡಿ, ಕಾಣುತ್ತದೆ. ತಿರುವಿನಿಂದ ಹೊರಬರುವಾಗ ಮುಂದಿನ ಟೈರುಗಳನ್ನು ನೋಡಿ. ಅವು ಉಬ್ಬಿ ವ್ಯರ್ಥ ತಿರುಗುತ್ತಿದ್ದರೆ ನಡುವಿನ ಡಿಫ್‌ನ ಎಣ್ಣೆ ತೆಳುವಾಗಿದೆ. ವೇಗ ಹೆಚ್ಚಿಸಿದಾಗ ಭಾರ ಹಿಂದಕ್ಕೆ ಸರಿದು, ಹಗುರಾದ ಮುಂದಿನ ಚಕ್ರಗಳತ್ತ ಶಕ್ತಿ ಓಡಿಹೋಗುತ್ತಿದೆ. ಕಿವಿಗೂ ಕೆಲಸ ಕೊಡಿ. ನೈಟ್ರೊ ಇಂಧನದ ಕಾರಾದರೆ ತಿರುವಿನ ನಡುವೆ ಎಂಜಿನ್ ದನಿ ಥಟ್ಟನೆ ಏರಿತೆಂದರೆ ಯಾವುದೋ ಚಕ್ರ ನೆಲ ಬಿಟ್ಟಿದೆ. ಒಳ್ಳೆಯ ಕಾರಿನ ದನಿ ಇಳಿದು, ಹಾಗೇ ಮೆಲ್ಲನೆ ಏರುತ್ತದೆ. ದೀರ್ಘ ಫೈನಲ್‌ನ ಕೊನೆಗೆ ಎಣ್ಣೆ ಕಾದು ತೆಳುವಾಗಿ ಕಾರಿನ ನಡತೆಯೇ ಬದಲಾಗುವುದುಂಟು. ಆಗ ಚಾಲಕ ಥ್ರಾಟಲ್ ಬಿಡುವ ಜಾಗ ಒಂದಿಷ್ಟು ಹಿಂದೆ ಸರಿಯುತ್ತದೆ. ಅದನ್ನು ಗುರುತಿಸಿದ ದಿನ ನೀವು ರಸಿಕರ ಸಾಲಿಗೆ ಸೇರಿದಿರಿ.

ರೇಡಿಯೊ ಬಗ್ಗೆ ಹೇಳುವುದು ಹೆಚ್ಚಿಲ್ಲ. 27 ಮೆಗಾಹರ್ಟ್ಸ್ ಕಾಲದಲ್ಲಿ ಇಬ್ಬರ ಬಳಿ ಒಂದೇ ಕಂಪನಾಂಕದ ಕ್ರಿಸ್ಟಲ್ ಇದ್ದರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳುತ್ತಿತ್ತು. 2.4 ಗಿಗಾಹರ್ಟ್ಸ್ ಬಂದು ಆ ಗೋಳು ತೀರಿತು.

ನೆಲದ ಬಗ್ಗೆ ಮಾತ್ರ ಒಂದು ಮಾತು. ಬೆಂಗಳೂರಿನಲ್ಲೊಮ್ಮೆ ಬ್ಯಾಸ್ಕೆಟ್‌ಬಾಲ್ ಅಂಕಣದ ಕಾಂಕ್ರೀಟಿನ ಮೇಲೆ ರೇಸ್ ನಡೆಯಿತು. ಅಲ್ಲಿ ಹಿಡಿತ ಎಷ್ಟು ಹೆಚ್ಚೆಂದರೆ ಕಾರುಗಳು ಜಾರುವ ಬದಲು ಮಗುಚಿಕೊಳ್ಳುತ್ತಿದ್ದವು. ಒಂದು ತಂಡದ ಹುಡುಗಿ ಫೆವಿಕ್ವಿಕ್ ತಂದು ಮುಂದಿನ ಟೈರುಗಳ ಪಕ್ಕೆಗೆ ತೆಳ್ಳಗೆ ಬಳಿದಳು. ರಬ್ಬರು ಗಟ್ಟಿಯಾಗಿ ಅಂಚಿನ ಹಿಡಿತ ತಗ್ಗಿತು, ಕಾರು ಮಗುಚುವುದು ನಿಂತಿತು. ಚಪ್ಪಾಳೆ ಹೊಡೆದವರು ನಾವು ಕೆಲವರೇ. ಮಿಕ್ಕವರು ಎಲ್‌ಇಡಿ ದೀಪ ಅಂಟಿಸಿಕೊಂಡಿದ್ದ ಇನ್ನೊಂದು ಕಾರಿನ ಮುಂದೆ ಸೆಲ್ಫಿ ತೆಗೆಸಿಕೊಳ್ಳುತ್ತಿದ್ದರು.

ಡಬ್ಬ ಬಿಚ್ಚಿದರೆ ಓಡುವ ಸಿದ್ಧ ಕಾರು ಕೊಂಡು ಕಾಲೇಜಿನ ಸ್ಟಿಕರ್ ಅಂಟಿಸಿ ತರುವ ತಂಡಗಳಿಗೆ ನನ್ನ ಗಮನ ಸಲ್ಲುವುದಿಲ್ಲ, ಅವು ಗೆದ್ದರೂ ಅಷ್ಟೇ. ಎಸ್‌ಪಿ ರೋಡ್‌ನಲ್ಲಿ ಬಿಡಿಭಾಗ ಹುಡುಕಿ, ಪೀಣ್ಯದ ಲೇತ್ ಅಂಗಡಿಯಲ್ಲಿ ಶಾಫ್ಟ್ ಕಡೆಸಿ, ಗ್ಯಾಸ್ಕೆಟ್ಟನ್ನು ಕೈಯಲ್ಲೇ ಕತ್ತರಿಸಿ ತಂದ ಕಾರು ಎರಡನೇ ಸುತ್ತಿನಲ್ಲೇ ನಿಂತರೂ ಅದರ ಹತ್ತಿರ ಹೋಗಿ. ಥ್ರೀಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಗೇರು ಮಾಡಿದ್ದರೆ ಹಲ್ಲುಗಳನ್ನು ನೋಡಿ: ಆ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಮೆತ್ತಗಾಗುತ್ತದೆ. ಆ ಸವೆದ ಹಲ್ಲು ಕೈಯಲ್ಲಿ ಹಿಡಿದು, ಮುಂದಿನ ಸಲ ನೈಲಾನ್ ಹಾಕೋಣವೋ ಉಕ್ಕು ಹಾಕೋಣವೋ ಎಂದು ನಾಲ್ವರು ಜಗಳವಾಡುತ್ತಿದ್ದರೆ ಅಲ್ಲೇ ಕೂತು ಪೂರ್ತಿ ಕೇಳಿ.

ಉಳಿದ ಮೇಜುಗಳಲ್ಲಿ ಒಂದೇ ಪ್ರಶ್ನೆ ಸಾಕು: ‘ಹಿಂದಿನ ಡಿಫ್‌ಗೆ ಯಾವ ಎಣ್ಣೆ, ಯಾಕೆ?’ ಉತ್ತರದ ಜೊತೆ ಕಾರಣವೂ ಬಂದರೆ ಆ ತಂಡದ ಮುಂದಿನ ಹೀಟ್ ಎಷ್ಟು ಹೊತ್ತಿಗೆಂದು ಕೇಳಿಕೊಂಡು, ಐದು ನಿಮಿಷ ಮೊದಲೇ ಹೇರ್‌ಪಿನ್ ಬಳಿ ಹೋಗಿ ನಿಲ್ಲಿ.