ಚಿನಿವಾರನ ಬಿಲ್ಲೆ

ಲ್ಯಾಟಿನ್ನಿನ ‘ತೆಸ್ಸೆರಾ’ ಶಬ್ದಕ್ಕೆ ನಮ್ಮ ‘ಬಿಲ್ಲೆ’ಗಿಂತ ಸಮೀಪದ ಮಾತು ದೊರೆಯುವುದು ಕಷ್ಟ. ನಾಲ್ಕು ಎಂಬರ್ಥದ ಗ್ರೀಕ್ ಮೂಲದಿಂದ ಬಂದ ಈ ಶಬ್ದವು ನೆಲಗಟ್ಟಿನ ಚಿತ್ರಕ್ಕೆ ಕೂಡಿಸುವ ಚೌಕದ ಕಲ್ಲುಚೂರಿಗೂ, ಆಟದ ದಾಳಕ್ಕೂ, ರೋಮಿನ ಪ್ರಜೆ ಧಾನ್ಯ ಪಡೆಯಲು ತೋರಿಸುತ್ತಿದ್ದ ಗುರುತಿಗೂ ಸಲ್ಲುತ್ತದೆ. ಪಾಂಪೆಯಲ್ಲಿ 1831ರಲ್ಲಿ ದೊರೆತ ಅಲೆಕ್ಸಾಂಡರನ ಯುದ್ಧಚಿತ್ರದಂಥ ಕೃತಿಗಳಿಂದ ಮೊದಲನೆಯ ಅರ್ಥವೇ ಲೋಕವಿಖ್ಯಾತವಾಗಿದೆ. ಇಲ್ಲಿ ಎತ್ತಿಕೊಂಡಿರುವುದು ಅಷ್ಟು ಸುಂದರವಲ್ಲದ ಇನ್ನೊಂದು ಬಗೆಯನ್ನು.

ಕ್ರಿಸ್ತಶಕದ ಹಿಂದುಮುಂದಿನ ಎರಡು ಶತಮಾನಗಳಿಗೆ ಸೇರಿದ, ಮೂಳೆಯ ಅಥವಾ ದಂತದ, ನಾಲ್ಕು ಮೈಯ ಕಿರುಕಡ್ಡಿ ಇದು. ತುದಿಯಲ್ಲಿ ದಾರ ಪೋಣಿಸುವ ರಂಧ್ರವುಂಟು. ಸಾಮಾನ್ಯವಾಗಿ ಒಂದು ಮೈಯಲ್ಲಿ ಗುಲಾಮನ ಹೆಸರು, ಮುಂದಿನದರಲ್ಲಿ ಅವನ ಒಡೆಯನದು, ಮೂರನೆಯದರಲ್ಲಿ ‘ಸ್ಪೆಕ್ಟಾವಿಟ್’ ಎಂಬ ಕ್ರಿಯಾಪದ (ಬಹುಮಟ್ಟಿಗೆ ಸಂಕ್ಷೇಪವಾಗಿ) ಮತ್ತು ದಿನ, ತಿಂಗಳು. ಕಡೆಯದರಲ್ಲಿ ಆ ವರ್ಷದ ಕಾನ್ಸಲರ ಹೆಸರು.

ಜರ್ಮನ್ ಪಂಡಿತ ರಿಚ್ಲ್ 1864ರಲ್ಲಿ ಇವನ್ನು ಗ್ಲಾಡಿಯೇಟರರ ಬಿಲ್ಲೆಗಳೆಂದು ವಿವರಿಸಿದನು. ರೋಮ್ ಎಂದೊಡನೆ ಅಖಾಡವೇ ಕಣ್ಣಿಗೆ ಕಟ್ಟುವ ಅಭ್ಯಾಸವು ಈ ಮತಕ್ಕೆ ಬಲ ಕೊಟ್ಟಿರಬೇಕು. ಆದರೆ ವ್ಯಾಕರಣ ಒಪ್ಪುವುದಿಲ್ಲ. ‘ಸ್ಪೆಕ್ಟಾವಿಟ್’ ಎಂದರೆ ‘ಪರೀಕ್ಷಿಸಿದನು’. ಅದು ಕರ್ತರಿ ಪ್ರಯೋಗ. ಅಖಾಡದ ಮಲ್ಲನು ನೋಡಿಸಿಕೊಳ್ಳುವವನೇ ಹೊರತು ನೋಡುವವನಲ್ಲ! 1919ರಲ್ಲಿ ಹೆರ್ಟ್ಸೋಗ್ ಈ ತೊಡಕನ್ನು ಬಿಡಿಸಿದನು: ಕಡ್ಡಿಯು ಮುದ್ರೆಯೊತ್ತಿದ ಹಣದ ಚೀಲಕ್ಕೆ ಕಟ್ಟಿದ್ದು, ಪರೀಕ್ಷಿತವಾದದ್ದು ಒಳಗಿನ ನಾಣ್ಯ, ಪರೀಕ್ಷಿಸಿದವನು ಚಿನಿವಾರನ ಕೆಲಸ ಬಲ್ಲ ಗುಲಾಮ. ಕ್ರಿಯಾಪದದ ಜೊತೆಗೆ ‘ನಾಣ್ಯಗಳನ್ನು’ ಎಂಬುದರ ಸಂಕ್ಷೇಪವನ್ನೂ ಕೆತ್ತಿದ ಕಡ್ಡಿಯಿರುವುದು ಈ ಪಕ್ಷಕ್ಕೆ ದೊಡ್ಡ ಸಾಕ್ಷ್ಯ.

ಹಾಗೆಂದು ಇದನ್ನು ರಸೀದಿಯೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಕಡ್ಡಿಯ ಮೇಲೆ ಮೊಬಲಗು ಇಲ್ಲ. ನಗದು ವಿಭಾಗದಲ್ಲಿ ಕುಳಿತವರು ಬಲ್ಲರು, ಎಣಿಕೆ ಬೇರೆ, ಪರೀಕ್ಷೆ ಬೇರೆ. ನಮ್ಮ ನೋಟಿನ ಕಟ್ಟಿಗೆ ಸುತ್ತಿದ ಚೀಟಿಯ ಮೇಲೆ ಸಹಿ, ತಾರೀಖು ಹಾಕುವವನು ಎರಡಕ್ಕೂ ಹೊಣೆ. ರೋಮಿನ ಕಡ್ಡಿಯಾದರೋ, ಚೀಲದಲ್ಲಿರುವುದು ಖೋಟಾ ಅಲ್ಲವೆಂದಷ್ಟೇ ಹೇಳುತ್ತದೆ, ಎಷ್ಟಿದೆಯೆಂದು ಹೇಳುವುದಿಲ್ಲ.

ಹಾಗಾದರೆ ಖೋಟಾ ನಾಣ್ಯ ಸಿಕ್ಕಿದಾಗ ಉತ್ತರಿಸಬೇಕಾದವನು ಯಾರು? ರೋಮನ್ ಕಾನೂನಿನಲ್ಲಿ ಗುಲಾಮನ ಮೇಲೆ ದಾವೆ ನಡೆಯದು; ಹೊಣೆ ಒಡೆಯನನ್ನು ಹುಡುಕಿಕೊಂಡು ಹೋಗಬೇಕು. ಎರಡನೆಯ ಮೈಯ ಹೆಸರಿಗೆ ಇದೇ ಕಾರಣವೆಂದು ನನ್ನ ಊಹೆ. ಆದರೆ ವ್ಯಾಪಾರಿಗಳು ನಂಬಿದ್ದು ಒಡೆಯನ ಕಣ್ಣನ್ನಲ್ಲ. ಕಾನೂನಿನ ದೃಷ್ಟಿಯಲ್ಲಿ ಸೊತ್ತೆನಿಸಿದ್ದ ಮನುಷ್ಯನೇ ಇಲ್ಲಿ ಕ್ರಿಯಾಪದಕ್ಕೆ ಕರ್ತೃವಾಗಿ, ಒಡೆಯನಿಗಿಂತ ಮೊದಲು ನಿಂತಿದ್ದಾನೆ.